ಕಲಿಕೆಯ ಸಾಧನ ಯಾರ ಕೈಯಲ್ಲಿರಬೇಕು?

ಸರ್ಕಾರಿ ಶಾಲೆಯ ಶಿಕ್ಷಕರು ನಾಲ್ಕು ಜನ ಸೇರಿದ ಕಡೆ ಈಗ ಎರಡು ಮಾತು ಕೇಳಿಬರುತ್ತವೆ. ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ಪಾಠ ಅವರ ತಲೆಗೆ ಹತ್ತುತ್ತಿಲ್ಲ ಎನ್ನುವುದು ಒಂದು. ನಮಗೂ ಸ್ಮಾರ್ಟ್ ಬೋರ್ಡು, ಒಳ್ಳೆಯ ಇಂಟರ್ನೆಟ್ಟು ಕೊಟ್ಟರೆ ಯಾವ ಕಾನ್ವೆಂಟಿಗೂ ಕಡಿಮೆಯಿಲ್ಲದಂತೆ ಕಲಿಸುತ್ತೇವೆ ಎನ್ನುವುದು ಇನ್ನೊಂದು. ಒಂದು ಹೆದರಿಕೆ, ಒಂದು ಭರವಸೆ. ಆದರೆ ಎರಡರಲ್ಲೂ ಯಂತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ನಂಬಿಕೆ ಇದೆ.

ಕನ್ನಡ ನಾಡಿನ ಶಾಲೆಗಳಿಗೆ ಇನ್ನೂರು ವರ್ಷಗಳಲ್ಲಿ ಬಂದ ಸಾಧನಗಳನ್ನೂ ಆದರ್ಶಗಳನ್ನೂ ಜೊತೆಗಿಟ್ಟು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಪಾಠ ಮಾಡುವವರು ತಾವೇ ಕೈಹಾಕಿ ರೂಪಿಸಿಕೊಂಡ ಸಾಧನ ತರಗತಿಯನ್ನು ಬದಲಿಸಿದೆ. ಮೇಲಿನಿಂದ ಸಿದ್ಧವಾಗಿ ಇಳಿದದ್ದು, ಎಷ್ಟೇ ದುಬಾರಿಯಾಗಿದ್ದರೂ, ಕೆಲವು ವರ್ಷ ಸದ್ದು ಮಾಡಿ ಮೂಲೆ ಸೇರಿದೆ. ಕೃತಕ ಬುದ್ಧಿಮತ್ತೆ ತರಗತಿಯ ಬಾಗಿಲಿಗೆ ಬಂದು ನಿಂತಿರುವಾಗ ಈ ಚರಿತ್ರೆಯನ್ನು ಮತ್ತೊಮ್ಮೆ ಓದಿಕೊಳ್ಳುವುದು ಅಗತ್ಯ.

ಮರಳಿನ ಮೇಲೆ ಬರೆದ ಅಕ್ಷರ

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಒಂದು ವರದಿ ಬರೆದ. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಇದ್ದದ್ದು 533 ಶಾಲೆ, ಓದುತ್ತಿದ್ದವರು 6,641 ಮಂದಿ. ಸಾವಿರ ಜನರಿಗೆ ಸುಮಾರು ಏಳೇ ಮಂದಿ. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗಿನವು 226. ಹೆಣ್ಣುಮಕ್ಕಳು ಇಡೀ ಜಿಲ್ಲೆಯಲ್ಲಿ 60. ಹಿಂದೆ ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ ಎಂದೂ, ಯುರೋಪಿನ ಬಟ್ಟೆ ಬಂದು ನೇಕಾರರ ಬದುಕು ಕುಸಿದಂತೆ ಮಕ್ಕಳನ್ನು ಓದಿಸುವ ಶಕ್ತಿಯೂ ಕುಸಿಯುತ್ತಿದೆ ಎಂದೂ ಆತ ದಾಖಲಿಸಿದ್ದಾನೆ.

ಐಗಳ ಮಠಗಳೆಂದು ಕರೆಯುತ್ತಿದ್ದ ಆ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು. ಮುಂದೆ ಹೋದ ಹುಡುಗ ಹಿಂದಿನವನಿಗೆ ಹೇಳಿಕೊಡುತ್ತಿದ್ದ. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಹದಿನೆಂಟನೇ ಶತಮಾನದ ಕೊನೆಯಲ್ಲಿ ಈ ಕ್ರಮವನ್ನು ಬಳಸಿ ನೋಡಿ, ಮುಂದೆ ಅದನ್ನು ತನ್ನ ದೇಶದಲ್ಲಿ ‘ಮದ್ರಾಸ್ ಪದ್ಧತಿ’ ಎಂದೇ ಹಬ್ಬಿಸಿದ್ದ. ಆದರೆ ಕ್ಯಾಂಪ್‌ಬೆಲ್ ಕಂಡ ಕೊರತೆಯೂ ಅಷ್ಟೇ ದೊಡ್ಡದು. ಮಕ್ಕಳು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ.

ಶಾಲೆ ಎಲ್ಲರಿಗೂ ಸೇರಿದ್ದು ಎಂಬ ಆದರ್ಶ, ಕಲಿತದ್ದು ಅರ್ಥವಾಗಬೇಕು ಎಂಬ ಆದರ್ಶ, ಮಗು ಹೆದರದೆ ತನ್ನ ವೇಗದಲ್ಲಿ ಕಲಿಯಬೇಕು ಎಂಬ ಆದರ್ಶ: ಮುಂದಿನ ಎರಡು ಶತಮಾನ ಈ ಮೂರಕ್ಕಾಗಿ ನಡೆದ ಪ್ರಯತ್ನ. ಮೊದಲನೆಯದಕ್ಕೆ ಮೈಸೂರು ಸಂಸ್ಥಾನ 1913ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ನಿಯಮದ ಮೂಲಕ ಒಂದು ಹೆಜ್ಜೆ ಇಟ್ಟಿತು. ಆರರಿಂದ ಹದಿನಾಲ್ಕರ ವಯಸ್ಸಿನ ಪ್ರತಿ ಮಗುವಿಗೂ ಶಾಲೆ ಹಕ್ಕಾಗಲು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು. ಅದೇ ಕಾಯಿದೆ ಮಗುವನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿತು. ಬಗ್ಗಿ ನಿಲ್ಲಿಸುವುದು, ಕೋದಂಡ ಹಾಕುವುದು ಮೇಷ್ಟ್ರ ಸಹಜ ಅಧಿಕಾರ ಎಂದು ಒಪ್ಪಿಕೊಂಡಿದ್ದ ಸಮಾಜದಲ್ಲಿ ಇದು ಯಾವ ಯಂತ್ರವೂ ತಂದಿರದಷ್ಟು ದೊಡ್ಡ ಬದಲಾವಣೆ.

ರ, ಗ, ಸ, ದ, ಅ

ಉಳಿದ ಎರಡು ಆದರ್ಶಗಳಿಗೆ ನಮ್ಮ ರಾಜ್ಯ ಕೊಟ್ಟ ಅತ್ಯಂತ ಗಟ್ಟಿಯಾದ ಉತ್ತರ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರ ನಡೆಸುತ್ತಿದ್ದ ಸಣ್ಣ ಶಾಲೆಗಳನ್ನು ನೋಡಿ ಬಂದರು. ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಒಬ್ಬರೇ ಶಿಕ್ಷಕರು, ಮೂರ್ನಾಲ್ಕು ತರಗತಿಗಳು, ಕೂಲಿಯ ದಿನಗಳಲ್ಲಿ ವಾರಗಟ್ಟಲೆ ಬಾರದ ಮಕ್ಕಳು. ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂಬ ಕ್ರಮ ಅಲ್ಲಿ ನಡೆಯುವಂತೆಯೇ ಇರಲಿಲ್ಲ. ಯುನಿಸೆಫ್ ನೆರವಿನಿಂದ ಆ ಶಿಕ್ಷಕರೇ ಕುಳಿತು ಕನ್ನಡಕ್ಕೆ, ಗಣಿತಕ್ಕೆ, ಪರಿಸರ ಅಧ್ಯಯನಕ್ಕೆ ಕಾರ್ಡುಗಳನ್ನು ಬರೆದರು. ಹಾಡು, ಆಟ, ಚಿತ್ರ, ಲೆಕ್ಕ ಎಲ್ಲವನ್ನೂ ಮೈಲಿಗಲ್ಲುಗಳಾಗಿ ಜೋಡಿಸಿ ಕಲಿಕಾ ಏಣಿ ಮಾಡಿದರು.

ಅವರು ಕೈಗೊಂಡ ಒಂದು ನಿರ್ಧಾರವನ್ನು ಹತ್ತಿರದಿಂದ ನೋಡಬೇಕು. ಕನ್ನಡದ ಮಗು ಮೊದಲು ಕಲಿಯಬೇಕಾದ್ದು ಅ, ಆ, ಇ, ಈ ಎಂಬುದು ಯಾರೂ ಪ್ರಶ್ನಿಸದ ನಿಯಮವಾಗಿತ್ತು. ಅರ್ಧ ವರ್ಣಮಾಲೆ ಮುಗಿದರೂ ಮಗುವಿಗೆ ಒಂದು ವಾಕ್ಯ ಓದಲು ಬರುತ್ತಿರಲಿಲ್ಲ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಈ ಐದನ್ನು ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಮುಂದೆ ಜ, ವ, ಮ, ಬ, ನ ಬಂದರೆ ಜನ, ವನ, ಮನ, ಬನ ಅದರ ವಶ. ಒಂದನೇ ತರಗತಿಯ ಮಗು ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಗರಗಸ ಎಂದು ತಾನೇ ಕೂಡಿಸಿ ಓದಿ, ಅದು ಮನೆಯಲ್ಲಿ ಕಂಡ ವಸ್ತು ಎಂದು ಗುರುತಿಸಿದ ಹೊತ್ತಿನಲ್ಲಿ ಓದು ಅದಕ್ಕೆ ಸ್ವಂತದ್ದಾಗುತ್ತದೆ. ಇದಕ್ಕೆ ಬೇಕಾದದ್ದು ರಟ್ಟಿನ ಕಾರ್ಡು ಮತ್ತು ಕನ್ನಡದ ಮಕ್ಕಳ ಬಾಯಲ್ಲಿ ಯಾವ ಪದ ಓಡಾಡುತ್ತದೆ ಎಂದು ಬಲ್ಲ ಮೇಷ್ಟ್ರ ಅನುಭವ. ಹೆಚ್ಚೇನೂ ಅಲ್ಲ.

ತರಗತಿಯ ಜೋಡಣೆಯೂ ಬದಲಾಯಿತು. ಮಕ್ಕಳು ಐದು ಗುಂಪುಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಅಷ್ಟಿಷ್ಟು. ಮೂರು ಮತ್ತು ನಾಲ್ಕನೆಯದಕ್ಕೆ ಗೆಳೆಯರ ನೆರವು. ಐದನೆಯದು ಸ್ವಂತ ಕಲಿಕೆ. ನಾಲ್ಕು ದಿನ ಶಾಲೆ ತಪ್ಪಿಸಿಕೊಂಡ ಮಗು ವಾಪಸು ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಬಳ್ಳಾರಿಯ ಐಗಳ ಮಠದಲ್ಲಿ ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುತ್ತಿದ್ದ ಕ್ರಮ ಇಲ್ಲಿ, ಬೆತ್ತವಿಲ್ಲದೆ, ಹುಡುಗಿಯರನ್ನೂ ಎಲ್ಲ ಜಾತಿಯ ಮಕ್ಕಳನ್ನೂ ಒಳಗೊಂಡು, ಅರ್ಥದ ಮೇಲೆ ಗಮನವಿಟ್ಟು ಮರಳಿ ಬಂದಿದೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿಂದಲೇ ಅದರ ತೊಡಕುಗಳೂ ಶುರುವಾದವು. ಹೆಗ್ಗಡದೇವನಕೋಟೆ ತಾಲ್ಲೂಕಿನವರಿಗೆ ಕಾರ್ಡು ತಮ್ಮದೇ ಕೃತಿಯಾಗಿತ್ತು. ಉಳಿದವರಿಗೆ ಅದು ಇಲಾಖೆ ಕಳಿಸಿದ ಪೆಟ್ಟಿಗೆ. ಐವತ್ತು ಮಕ್ಕಳಿದ್ದ ಕೊಠಡಿಯಲ್ಲಿ ಐದು ಗುಂಪು ನಡೆಸುವುದು ಕಷ್ಟವಾಯಿತು. ನಮ್ಮ ಮಗುವಿಗೆ ಅ ಆ ಇ ಈ ಸಾಲಾಗಿ ಹೇಳಲು ಬರುವುದಿಲ್ಲ, ದಿನವೆಲ್ಲ ಬರೀ ಹಾಡು-ಆಟ ಎಂದು ತಂದೆತಾಯಿ ಬೇಸರಪಟ್ಟರು. ನಾಲ್ಕನೇ ತರಗತಿಗೆ ಕಾಲಿಟ್ಟ ಮಗು ಮತ್ತೆ ಬೆಂಚಿನ ಸಾಲಿಗೆ, ಪಠ್ಯಪುಸ್ತಕದ ಪ್ರಶ್ನೋತ್ತರಕ್ಕೆ ಮರಳಿತು. ಆದರ್ಶ ಮೊದಲ ಮೂರು ತರಗತಿಗಳಲ್ಲಷ್ಟೇ ಬದಲಾಗಿ, ಮೇಲಿನ ತರಗತಿಗಳಲ್ಲಿ ಹಾಗೇ ಉಳಿದರೆ ಆಗುವುದು ಹೀಗೆಯೇ.

ಆಕಾಶದಿಂದ ಇಳಿದ ಪಾಠ

ಇದೇ ಅವಧಿಯಲ್ಲಿ ಇನ್ನೊಂದು ದಾರಿಯೂ ನಡೆಯುತ್ತಿತ್ತು. ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳು ರೇಡಿಯೊ ಇದ್ದ ಶಾಲೆಗಳನ್ನು ತಲುಪಿದವು. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕಾಗಿಯೇ ಭಾರತ ನಿರ್ಮಿಸಿದ ಮೊದಲ ಉಪಗ್ರಹ. ಅದರ ಪ್ರಾಯೋಗಿಕ ಬಳಕೆಗೆ ಆರಿಸಿದ ಜಾಗಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು. ಕಾಡು, ಬೆಟ್ಟ, ಸೋಲಿಗರ ಹಾಡಿಗಳ ಆ ಜಿಲ್ಲೆಗೆ ರಾಜಧಾನಿಯ ಸ್ಟುಡಿಯೋದಿಂದ ಪಾಠ ಬರುವುದೆಂದರೆ ಅದು ಸಣ್ಣ ಮಾತಲ್ಲ. ಆಶಯ ನಿಜಕ್ಕೂ ದೊಡ್ಡದಿತ್ತು.

ಆದರೆ ಆ ಪಾಠ ಒಮ್ಮುಖವಾಗಿತ್ತು. ಟಿ.ವಿ. ಮುಂದೆ ಕುಳಿತ ಮಗುವಿಗೆ ಸಂಶಯ ಬಂದರೆ ಪಾಠ ಅದಕ್ಕಾಗಿ ನಿಲ್ಲುವುದಿಲ್ಲ. ಕರೆಂಟು ಹೋದರೆ ಆ ದಿನದ ಪಾಠವೂ ಹೋಯಿತು. ಪ್ರಸಾರದ ವೇಳಾಪಟ್ಟಿಯೇ ಒಂದು, ಶಾಲೆಯಲ್ಲಿ ನಡೆಯುತ್ತಿರುವ ಘಟಕವೇ ಇನ್ನೊಂದು. ಪಕ್ಕದಲ್ಲಿ ನಿಂತ ಮೇಷ್ಟ್ರಿಗೆ ಪೆಟ್ಟಿಗೆ ಹಾಕುವುದು, ಆರಿಸುವುದು ಬಿಟ್ಟು ಕೆಲಸವಿರಲಿಲ್ಲ. 2010ರಲ್ಲಿ ಉಪಗ್ರಹದ ಆಯುಷ್ಯವೂ ಮುಗಿಯಿತು.

ಇದಕ್ಕೆ ಸಮಾನಾಂತರವಾಗಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಗೆ ಹಲವು ಭಾಷೆಗಳಲ್ಲಿ ಸಿ.ಡಿ.ಗಳನ್ನು ತಯಾರಿಸಿ ಹಲವು ರಾಜ್ಯಗಳ ಶಾಲೆಗಳಿಗೆ ತಲುಪಿಸಿತು. ಮುಂದೆ ಆ ಸಂಸ್ಥೆಯೇ ಅನುಭವದಿಂದ ಪಾಠ ಕಲಿತು, ಶಿಕ್ಷಣದ ಮೂಲ ಸಮಸ್ಯೆಯನ್ನು ಯಂತ್ರ ಬಿಡಿಸಲಾರದು ಎಂಬ ತೀರ್ಮಾನಕ್ಕೆ ಬಂದು, ಶಿಕ್ಷಕರ ಸಾಮರ್ಥ್ಯ ಬೆಳೆಸುವ ಕೆಲಸಕ್ಕೆ ತನ್ನ ಶಕ್ತಿಯನ್ನು ತಿರುಗಿಸಿತು. ತಂತ್ರಜ್ಞಾನದಿಂದಲೇ ಹುಟ್ಟಿದ ಸಂಪತ್ತಿನ ಸಂಸ್ಥೆಯೊಂದು ಮುಕ್ತವಾಗಿ ಹೇಳಿದ ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು.

ಶಿಕ್ಷಕರೇ ಕಟ್ಟಿಕೊಂಡ ವೇದಿಕೆ

ಹಾಗಾದರೆ ಕಂಪ್ಯೂಟರ್ ನಮ್ಮ ಶಾಲೆಗೆ ಒಗ್ಗದ ವಸ್ತುವೇ? ಅಲ್ಲ ಎನ್ನುವುದಕ್ಕೂ ಇಲ್ಲಿಯದೇ ನಿದರ್ಶನವಿದೆ. 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಮುಕ್ತ ತಂತ್ರಾಂಶಗಳನ್ನು ಕಲಿತರು, ಇ-ಮೇಲ್ ಗುಂಪುಗಳಲ್ಲಿ ತಮ್ಮ ಸಂಶಯಗಳನ್ನು ಹಂಚಿಕೊಂಡರು. ಬೀದರ್‌ನ ಮೇಷ್ಟ್ರು ಕೇಳಿದ ಪ್ರಶ್ನೆಗೆ ಕೊಡಗಿನ ಶಿಕ್ಷಕಿ ಉತ್ತರ ಬರೆಯುವುದು ಸಾಧ್ಯವಾಯಿತು. ಅವರೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಪಾಠಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಾಗಿ ಬೆಳೆಯಿತು. ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಮುಂದಿನವರಿಗೆ ಕೊಡಬಹುದು.

ಜಿಯೋಜೀಬ್ರಾ ಎಂಬ ಗಣಿತದ ಮುಕ್ತ ತಂತ್ರಾಂಶ ತರಗತಿಯಲ್ಲಿ ಏನು ಮಾಡುತ್ತದೆ ನೋಡಿ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟರೆ ಮಗು ಅದನ್ನು ಉರು ಹೊಡೆಯುತ್ತದೆ. ಪರದೆಯ ಮೇಲೆ ತ್ರಿಭುಜ ಬರೆದು, ಅದರ ಒಂದು ಶೃಂಗವನ್ನು ಹಿಡಿದು ಎಳೆಯಲು ಮಗುವಿಗೇ ಬಿಟ್ಟರೆ ಆಕೃತಿ ಉದ್ದವಾಗುತ್ತದೆ, ಚಪ್ಪಟೆಯಾಗುತ್ತದೆ, ಕೋನಗಳ ಅಳತೆಗಳೆಲ್ಲ ಓಡುತ್ತವೆ. ಮೊತ್ತ ಮಾತ್ರ ಕದಲುವುದಿಲ್ಲ. ಆಗ ಹುಟ್ಟುವ ‘ಯಾಕೆ ಸಾರ್?’ ಎಂಬ ಪ್ರಶ್ನೆಯಿಂದಲೇ ಪ್ರಮೇಯವನ್ನು ಸಾಧಿಸುವ ಮೆಟ್ಟಿಲು ಶುರು. ಅದೇ ಹೊತ್ತಿಗೆ ಮೇಷ್ಟ್ರು ಪರದೆ ಬಿಟ್ಟು ಹಲಗೆಗೆ ಬಂದು ಸಮಾಂತರ ರೇಖೆ ಎಳೆಯಬೇಕು. ಯಾವಾಗ ಪರದೆ, ಯಾವಾಗ ಹಲಗೆ ಎಂಬ ತೀರ್ಮಾನ ಅವರದು. ತಂತ್ರಜ್ಞಾನ ಅರ್ಥವಂತಿಕೆಗೆ ನೆರವಾಗುವ ಜಾಗ ಇದು.

ಮುಚ್ಚಿದ ಬಾಗಿಲುಗಳ ಕಾಲ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ಚರ್ಚೆ ಮನೆಮನೆಗೆ ಬಂತು. ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡ ಎಂದು ಸರ್ಕಾರ ಜೂನ್‌ನಲ್ಲಿ ಆದೇಶಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಫೋನು ಇದ್ದ ಮನೆಯ ಮಗುವಿನ ಕಲಿಕೆಯ ಹಕ್ಕು, ಫೋನಿಲ್ಲದ ಮನೆಯ ಮಗುವಿನ ಸಮಾನತೆಯ ಹಕ್ಕು ಎದುರುಬದುರು ನಿಂತವು. ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ತಾಣಕ್ಕೆ ಹೋಗುವ ದಾರಿ ಇತ್ತು, ಆದರೆ ಆ ದಾರಿಯಲ್ಲಿ ನಡೆಯಲು ಸ್ಮಾರ್ಟ್‌ಫೋನ್ ಬೇಕಿತ್ತು, ಸಿಗ್ನಲ್ ಬೇಕಿತ್ತು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳು ವರದಿ ಮಾಡಿದವು.

ಆಗ ಬಂದದ್ದು ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಕಾರ್ಯಕ್ರಮ ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿತು: ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಯಾವುದೂ ಇಲ್ಲದವರು. ಶಿಕ್ಷಕರು ಹಳ್ಳಿಗಳಿಗೆ ಹೋಗಿ ಗುಡಿಯ ಪೌಳಿ, ಅರಳಿಕಟ್ಟೆ, ಸಮುದಾಯ ಭವನ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಮನೆಯಂಗಳಕ್ಕೆ ಬಂದ ಮೇಷ್ಟ್ರು ಮಗುವಿನ ಬದುಕನ್ನು ಹತ್ತಿರದಿಂದ ಕಂಡರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಪರಿಷ್ಕೃತ ರೂಪದಲ್ಲಿ ಮತ್ತೆ ಶುರುವಾಯಿತು. ಸೋಂಕಿಗೆ ಒಳಗಾದ ಶಿಕ್ಷಕರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. ಅವರ ಋಣವನ್ನು ಈ ರಾಜ್ಯ ಮರೆಯಬಾರದು.

ಶಾಲೆ ತೆರೆದ ಮೇಲೆ 2022-23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲೇ ಇಡೀ ವರ್ಷವನ್ನು ಕಳೆದುಹೋದ ಕಲಿಕೆಯನ್ನು ಮರಳಿ ತುಂಬಲು ಮೀಸಲಿಡಬೇಕಾಯಿತು. ಪರದೆ ಶಾಲೆಯ ಜಾಗದಲ್ಲಿ ನಿಲ್ಲಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಮಾರುಕಟ್ಟೆಯೂ ಪರೀಕ್ಷೆಯೂ

ಶಾಲೆಗಳು ಸರಿಯಾಗಿ ನಡೆಯದ ಆ ಎರಡು ವರ್ಷ ಆನ್‌ಲೈನ್ ಕೋಚಿಂಗ್ ಕಂಪನಿಗಳಿಗೆ ಸುಗ್ಗಿ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬೈಜೂಸ್ 2022ರ ಹೊತ್ತಿಗೆ 2,200 ಕೋಟಿ ಡಾಲರ್ ಬೆಲೆಬಾಳುವ ಕಂಪನಿ ಎನಿಸಿಕೊಂಡಿತ್ತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಒಂದು ಕಂಪನಿಯ ಏಳುಬೀಳಿಗಿಂತ ಮುಖ್ಯವಾದದ್ದು ಅದು ಯಾವ ಆತಂಕದ ಮೇಲೆ ಬೆಳೆಯಿತು ಎನ್ನುವುದು. ಸಾಲ ಮಾಡಿಯಾದರೂ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ, ನೀಟ್, ಸಿಇಟಿ ಕೋಚಿಂಗಿಗೆ ಕಳಿಸುವ ತಂದೆತಾಯಿಗಳ ಆದರ್ಶ ಶಿಕ್ಷಣ ತಜ್ಞರ ಆದರ್ಶಕ್ಕಿಂತ ಬೇರೆ. ಅವರಿಗೆ ಶಾಲೆಯೆಂದರೆ ಮಗು ತಮ್ಮ ಕಷ್ಟದಿಂದ ಹೊರಗೆ ಬರುವ ದಾರಿ. ಮಾಧ್ಯಮದ ಆಯ್ಕೆ ಪೋಷಕರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019-20ರಿಂದ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಈ ಹಂಬಲವನ್ನು ತಪ್ಪೆಂದು ತಳ್ಳಿಹಾಕುವವರು ಹಳ್ಳಿಯ ಕೂಲಿಕಾರ ತಾಯಿಯ ಲೆಕ್ಕಾಚಾರವನ್ನು ಅರಿತಿಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಿ ಅರ್ಥಮಾಡಿಕೊಂಡ ಮಗು ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಯುತ್ತದೆ ಎಂದು ಕಣ್ಣೆದುರು ತೋರಿಸಿಕೊಡುವುದೇ ಆ ತಾಯಿಗೆ ಕೊಡಬಹುದಾದ ಮರ್ಯಾದೆಯ ಉತ್ತರ.

ಎಲ್ಲ ಆದರ್ಶಗಳೂ ಕೊನೆಗೆ ಬಂದು ಮುಟ್ಟುವ ಗೋಡೆ ಎಸ್ಸೆಸ್ಸೆಲ್ಸಿ. 2024ರಲ್ಲಿ ಎರಡು ಬದಲಾವಣೆ ಒಟ್ಟಿಗೇ ಆದವು. ಒಂದೇ ವರ್ಷ ಮೂರು ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಬಂತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ನಕಲು ತಡೆದದ್ದು ಸರಿ. ಆದರೆ ನಮ್ಮ ಮಕ್ಕಳಿಗೆ ಓದು ಎಷ್ಟು ದಕ್ಕಿದೆ ಎಂಬ ಸತ್ಯವನ್ನು ಕ್ಯಾಮೆರಾ ತೋರಿಸಬಲ್ಲದು, ಓದು ದಕ್ಕಿಸಿಕೊಡಲಾರದು. ಆ ಕೆಲಸ ಒಂದನೇ ತರಗತಿಯಿಂದಲೇ ಆಗಬೇಕು.

ಕೃತಕ ಬುದ್ಧಿಮತ್ತೆಯ ಬಾಗಿಲಲ್ಲಿ

ಶಿಕ್ಷಣದ ಸ್ಥಿತಿಗತಿ ಅಳೆಯುವ ‘ಅಸರ್’ 2024ರ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಎಂಬತ್ತೆರಡು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಅವರಲ್ಲಿ ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಈ ಕೈಗಳಿಗೇ ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಯಂತ್ರ ಬಂದಿದೆ.

‘ನಾನು ಕಂಡ ಜಾತ್ರೆ’ ಎಂದು ಪ್ರಬಂಧ ಬರೆಸುವುದು ನಮ್ಮಲ್ಲಿ ಹಳೆಯ ರೂಢಿ. ಈಗ ಫೋನನ್ನು ಕೇಳಿದರೆ ತಪ್ಪಿಲ್ಲದ ಕನ್ನಡದಲ್ಲಿ ರಥ, ಬೆಂಡು-ಬತ್ತಾಸು, ತೊಟ್ಟಿಲು ಎಲ್ಲ ಬಂದ ಪ್ರಬಂಧ ಸಿಗುತ್ತದೆ. ಅದು ಯಾವ ಊರಿನ ಜಾತ್ರೆಯೂ ಅಲ್ಲ. ಹಾಗೆಂದು ಪ್ರಬಂಧ ಬಿಡಬೇಕಾಗಿಲ್ಲ, ಪ್ರಶ್ನೆ ಬದಲಾಯಿಸಬೇಕು. ನಿಮ್ಮೂರ ತೇರಿಗೆ ಹಗ್ಗ ಯಾರ ಮನೆಯಿಂದ ಬರುತ್ತದೆ, ಮೊದಲ ತೆಂಗಿನಕಾಯಿ ಯಾರದ್ದು, ಯಾರನ್ನು ಹತ್ತಿರ ಬಿಡುವುದಿಲ್ಲ, ಅಜ್ಜಿಯ ಕಾಲಕ್ಕೂ ಈಗಕ್ಕೂ ಏನು ವ್ಯತ್ಯಾಸ ಎಂದು ಮನೆಯಲ್ಲಿ ಕೇಳಿಕೊಂಡು ಬಂದು ಬರೆ ಎನ್ನಬಹುದು. ಬರೆದದ್ದನ್ನು ತರಗತಿಯಲ್ಲಿ ನಿಂತು ಹೇಳು, ಗೆಳೆಯರ ಪ್ರಶ್ನೆಗೆ ಉತ್ತರಿಸು ಎನ್ನಬಹುದು. ಉರು ಹೊಡೆದ ಉತ್ತರಕ್ಕೆ ಅಂಕ ಕೊಡುವ ಪದ್ಧತಿಗೆ ಯಂತ್ರ ಕೊನೆ ಹಾಡಿದರೆ, ಕ್ಯಾಂಪ್‌ಬೆಲ್ ಕಂಡ ಬಾಯಿಪಾಠದ ರೋಗಕ್ಕೆ ಇನ್ನೂರು ವರ್ಷದ ನಂತರ ಮದ್ದು ಸಿಕ್ಕಂತೆ.

ಶಿಕ್ಷಕರ ನೆರವಿಗೂ ಇಂಥ ಯಂತ್ರ ಬರುತ್ತಿದೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಬೆಂಗಳೂರು ಸುತ್ತಮುತ್ತಲ ಸರ್ಕಾರಿ ಶಾಲೆಗಳ ಶಿಕ್ಷಕರು ಪಾಠಯೋಜನೆ ತಯಾರಿಸಲು ಬಳಸಿ ನೋಡಿದ್ದಾರೆ. ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್‌ನ ದಾಖಲೆ, ದಿನಕ್ಕೊಂದು ವಾಟ್ಸ್‌ಆ್ಯಪ್ ವರದಿಯ ನಡುವೆ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳಲು ಬಿಡುವೇ ಸಿಗದ ಶಿಕ್ಷಕಿಗೆ ಇದು ನಿಜವಾದ ಉಪಕಾರ ಆಗಬಹುದು. ಆದರೆ ಯಂತ್ರದ ಕನ್ನಡ ಪುಸ್ತಕದ ಕನ್ನಡ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಗುವಿಗೆ, ಕಲಬುರಗಿಯ ಕನ್ನಡ ಆಡುವ ಮಗುವಿಗೆ ಪಾಠವನ್ನು ಅವರ ಮಾತಿಗೆ ಇಳಿಸಿಕೊಡುವವರು ಆ ತರಗತಿಯಲ್ಲಿ ನಿಂತ ಮನುಷ್ಯರೇ. ಯಂತ್ರ ಕೊಟ್ಟ ಪಾಠಯೋಜನೆಯನ್ನು ಹಾಗೇ ಒಪ್ಪಿಸುವಂತೆ ಮೇಲಧಿಕಾರಿಗಳು ಒತ್ತಾಯಿಸಿದರೆ ಎಜುಸ್ಯಾಟ್ ಕಾಲದ ತಪ್ಪೇ ಮತ್ತೊಮ್ಮೆ ಆಗುತ್ತದೆ.

ಆಗಬೇಕಾದದ್ದು

ರಾಷ್ಟ್ರೀಯ ಶಿಕ್ಷಣ ನೀತಿ 2020ಕ್ಕೆ ಬದಲಾಗಿ ರಾಜ್ಯಕ್ಕೆ ತನ್ನದೇ ನೀತಿ ಬೇಕೆಂದು ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ನೀತಿ ಯಾವುದೇ ಇರಲಿ, ಕೆಲವು ಕೆಲಸಗಳಿಗೆ ಕಾಯುವ ಅಗತ್ಯವಿಲ್ಲ. ಮೊದಲ ಮೂರು ತರಗತಿಗಳಿಗೆ ಸಾಕಷ್ಟು ಶಿಕ್ಷಕರನ್ನು ಕೊಡಬೇಕು. ನಲಿ-ಕಲಿಯ ಚೈತನ್ಯ ನಾಲ್ಕನೇ ತರಗತಿಯ ಹೊಸ್ತಿಲಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಸರ್ಕಾರದ ದುಡ್ಡಿನಲ್ಲಿ ತಯಾರಾದ ಪ್ರತಿ ಡಿಜಿಟಲ್ ಪಾಠವೂ ಮುಕ್ತವಾಗಿರಬೇಕು, ಶಿಕ್ಷಕರು ತಿದ್ದಿಕೊಳ್ಳುವಂತಿರಬೇಕು. ವಿಷಯ ಶಿಕ್ಷಕರ ವೇದಿಕೆಯಂಥ ಗುಂಪುಗಳಿಗೆ ಯೋಜನೆಯ ಅವಧಿ ಮುಗಿದ ಮೇಲೂ ಬದುಕುವ ವ್ಯವಸ್ಥೆ ಬೇಕು. ವರದಿ ತುಂಬುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಮಗುವಿನ ಪಕ್ಕ ಕುಳಿತುಕೊಳ್ಳುವ ಸಮಯವನ್ನು ಶಿಕ್ಷಕರಿಗೆ ಹಿಂದಿರುಗಿಸಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು; ಫೋನಿನ ಜೊತೆಗೆ ಪುಸ್ತಕವೂ ಮಗುವಿನ ಕೈಗೆಟುಕುವಂತೆ ಅದನ್ನು ಬಲಪಡಿಸಬೇಕು.

ಮುಂದೆಯೂ ಹೊಸ ಸಾಧನಗಳು ಬರುತ್ತವೆ, ಬರಲಿ. ಪ್ರತಿ ಬಾರಿಯೂ ಮೂರು ಪ್ರಶ್ನೆ ಕೇಳೋಣ. ಇದನ್ನು ರೂಪಿಸುವಾಗ ಪಾಠ ಮಾಡುವವರು ಜೊತೆಗಿದ್ದರೇ? ತಮ್ಮ ಮಕ್ಕಳಿಗೆ ಹೊಂದದಿದ್ದರೆ ಅದನ್ನು ಬದಲಿಸುವ, ಬದಿಗಿಡುವ ಅಧಿಕಾರ ಅವರಿಗಿದೆಯೇ? ಕೊನೆಯ ಸಾಲಿನ ಮಗುವಿಗೆ ಇದರಿಂದ ಶಿಕ್ಷಕರ ಗಮನ ಹೆಚ್ಚು ಸಿಗುತ್ತದೆಯೇ, ಕಡಿಮೆಯಾಗುತ್ತದೆಯೇ? ಈ ಪ್ರಶ್ನೆ ಕೇಳಲು ಯಾರೂ ತಜ್ಞರಾಗಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲೂ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ತಂದೆತಾಯಿಗಳಿದ್ದಾರೆ. ಮುಂದಿನ ಸಭೆಯಲ್ಲೇ ಕೇಳಬಹುದು. ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕ ಸಾಧನವನ್ನು ಎರಡೂ ಕೈಯಿಂದ ಬರಮಾಡಿಕೊಳ್ಳೋಣ. ಸಿಗದಿದ್ದರೆ, ಅದು ಎಷ್ಟೇ ಹೊಳೆಯುತ್ತಿದ್ದರೂ, ಬೇಡ ಎನ್ನುವ ಧೈರ್ಯ ನಮಗಿರಬೇಕು.